ಗಡಿಯಲ್ಲಿ ಕೇಳಿದ 100 ಭಾಟ್

ಕಾಯಕವಿಲ್ಲದ ಹಣವನ್ನು ಶರಣರು ಒಪ್ಪಲಿಲ್ಲ. ದುಡಿಯದೆ ಕೇಳುವವನಿಗೆ ಹಣ ಕೊಡುವುದು ಸಲ್ಲುವುದೇ?

ಹೊಳೆಯ ತಳದ ಬಂಡೆಯಲ್ಲಿ ಲಿಂಗಗಳನ್ನು ಕೆತ್ತಿರುವ ಕಾಂಬೋಡಿಯಾದ ಕ್ಬಾಲ್ ಸ್ಪಿಯನ್ ನೋಡಲೆಂದು 2015ರಲ್ಲಿ ಭಕ್ತರೊಬ್ಬರು ಬ್ಯಾಂಕಾಕಿನಿಂದ ಮೂರನೆಯ ದರ್ಜೆಯ ರೈಲಿನಲ್ಲಿ ಅರಣ್ಯಪ್ರಥೇಟಿಗೆ ಬಂದರು. ವೀಸಾ ತಮ್ಮಲ್ಲಿಯೇ ಸಿಗುವುದೆಂದು ದಲ್ಲಾಳಿಗಳು ಹಾದಿಗಡ್ಡ ನಿಂತರು. ಅವರಿಂದ ತಪ್ಪಿಸಿಕೊಂಡು ಗಡಿಯಾಚೆಯ ಪೊಯಿಪೆಟ್ ತಲುಪಿದರೆ, 30 ಡಾಲರು ಎಂದು ಬರೆದ ಫಲಕದ ಕೆಳಗೇ ಒಬ್ಬಾತ ಇನ್ನೂ 100 ಭಾಟ್ ಕೇಳಿದನು. ರಸೀದಿಯಿಲ್ಲ. ಕೊಟ್ಟವರು ಬೇಗ ಹೋದರು. ಕೊಡದ ಇವರು ಒಂದೂವರೆ ಗಂಟೆ ಕುಳಿತರು. ಕೋಪದಲ್ಲಿ ಮಧ್ಯಾಹ್ನದ ಲಿಂಗಪೂಜೆಯ ವೇಳೆಯೂ ಮೀರಿತು. ಹೊರಗೆ ಆಳೆತ್ತರದ ಹೊರೆ ಹೇರಿದ ಕೈಗಾಡಿಗಳನ್ನು ಗಂಡಸರೂ ಹೆಂಗಸರೂ ಬಿಸಿಲಿನಲ್ಲಿ ಎಳೆಯುತ್ತಿದ್ದರು. ಆ ಗಡಿಯಲ್ಲಿ ಕಾಯಕವೆನ್ನಬಹುದಾದುದು ಅದೇ.

ವೀಸಾ ಕೈಸೇರುವಷ್ಟರಲ್ಲಿ ಸಿಯೆಮ್ ರೀಪಿನ ಬಸ್ಸು ಹೊರಟುಹೋಗಿತ್ತು. ಟ್ಯಾಕ್ಸಿಗೆ ತೆರಬೇಕಾದದ್ದು 100 ಭಾಟಿಗಿಂತ ಎಷ್ಟೋ ಹೆಚ್ಚು. ಅದನ್ನು ಮರುಮಾತಿಲ್ಲದೆ ಕೊಟ್ಟರು.