ಸಿಡಿಲಫಡಿಯ ಕಲ್ಲುಮನೆ

ಬಾದಾಮಿಯನ್ನು ನೋಡಿಬಂದವರು ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯಲ್ಲಿ ಬೇಕಾದಷ್ಟು ಮಂದಿ ಉಂಟು. ಬನಶಂಕರಿಗೆ ಹರಕೆ ಹೊತ್ತು ಹೋದವರು ಕೆಲವರು, ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದ ಉಪಾಧ್ಯಾಯರು ಕೆಲವರು. ಇವರೆಲ್ಲರೂ ನಾಲ್ಕು ಗುಹಾಲಯಗಳನ್ನು ಹತ್ತಿ ಇಳಿದು, ಅಗಸ್ತ್ಯತೀರ್ಥದ ಸೋಪಾನಗಳ ಮೇಲೆ ಕುಳಿತು ಬುತ್ತಿಯನ್ನು ಬಿಚ್ಚಿ, ಹೊತ್ತು ಇಳಿಯುವುದರೊಳಗೆ ಪಟ್ಟದಕಲ್ಲಿನ ದಾರಿ ಹಿಡಿಯುವುದು ವಾಡಿಕೆ. ಊರಿನಿಂದ ಸುಮಾರು 4 ಕಿಲೋಮೀಟರು ದೂರದಲ್ಲಿ, ಕುರುಚಲು ಕಾಡಿನ ಮರೆಯಲ್ಲಿ, ಯಾವ ಅರಸನೂ ಕಟ್ಟಿಸದ, ಯಾವ ಶಿಲ್ಪಿಯೂ ಕಡೆಯದ ಕಲ್ಲುಕಮಾನೊಂದು ನಿಂತಿದೆಯೆಂಬುದನ್ನು ಅವರಲ್ಲಿ ಬಹುಮಂದಿ ಕೇಳಿಯೂ ಇಲ್ಲ. ಅದರ ಹೆಸರು ಸಿಡಿಲಫಡಿ. ಅಲ್ಲಿಯವರ ಬಾಯಲ್ಲಿ ಸಿಡ್ಲಫಡಿ. ಫಡಿ ಎಂದರೆ ಬಂಡೆಯ ಆಸರೆ. ಸಿಡಿಲು ಹೊಡೆದು ತೂತಾದ ಬಂಡೆಯಾದುದರಿಂದ ಆ ಹೆಸರು ಬಂದಿತೆಂದು ಹೇಳುತ್ತಾರೆ.

ನಾವು ತೆಂಗಿನ ನೆರಳಿನಲ್ಲಿ ಬೆಳೆದವರು. ನಮಗೆ ಕಲ್ಲೆಂದರೆ ತೋಟದ ಅಂಚಿನ ಗುಂಡು, ಬಾವಿ ತೋಡುವಾಗ ಅಡ್ಡಬರುವ ಹಾಸುಬಂಡೆ, ಹೆಚ್ಚೆಂದರೆ ತುರುವೇಕೆರೆಯ ಗಂಗಾಧರೇಶ್ವರನ ಮುಂದೆ ಕನ್ನಡಿಯಂತೆ ಹೊಳೆಯುವ ಕರಿಯ ನಂದಿ. ನಮ್ಮ ಸೀಮೆಯ ಶಿಲೆಯು ಭೂಗರ್ಭದ ಬೇಗೆಯಲ್ಲಿ ಬೆಂದು ಹರಳುಗಟ್ಟಿದ್ದು. 250 ಕೋಟಿ ವರ್ಷಗಳಿಗೂ ಹಿಂದಿನದು. ಅದು ಸೀಳಿದರೆ ಗುಂಡಾಗಿ ಉರುಳುತ್ತದೆಯೇ ಹೊರತು ಕಮಾನಾಗಿ ನಿಲ್ಲುವುದು ಅಪರೂಪ. ಬಾದಾಮಿಯ ಕಲ್ಲಿನ ಜಾತಿಯೇ ಬೇರೆ. ಅದು ಮರಳುಗಲ್ಲು. ನೀರು ತಂದು ಸುರಿದ ಮರಳು ಪದರದ ಮೇಲೆ ಪದರವಾಗಿ ಕುಳಿತು, ತನ್ನ ಭಾರಕ್ಕೆ ತಾನೇ ಅದುಮಿಕೊಂಡು ಕಲ್ಲಾದದ್ದು. ಅದೇನೂ ಈಚಿನದಲ್ಲ, 54 ಕೋಟಿ ವರ್ಷಗಳಿಗಿಂತ ಹಿಂದೆ, ನೆಲದ ಮೇಲೆ ಮರವಾಗಲಿ ಮೃಗವಾಗಲಿ ಹುಟ್ಟುವುದಕ್ಕೆ ಮುಂಚೆ ಬಿದ್ದ ಮರಳು. ಕಾಳುಕಾಳಿಗೂ ಅಂಟಿಕೊಂಡಿರುವ ಕಬ್ಬಿಣದ ತುಕ್ಕಿನಿಂದ ಬೆಟ್ಟವೆಲ್ಲ ಕೆಂಪಾಗಿದೆ. ಚಿಕ್ಕನಾಯಕನಹಳ್ಳಿಯ ಅದಿರಿನ ಗುಡ್ಡಗಳ ಧೂಳನ್ನು ಕಂಡವರಿಗೆ ಆ ಬಣ್ಣ ಹೊಸದಲ್ಲ.

ತಿಪಟೂರಿನಿಂದ ಅರಸೀಕೆರೆ, ಹುಬ್ಬಳ್ಳಿ, ಗದಗ ಮಾರ್ಗವಾಗಿ ರೈಲಿನಲ್ಲಿ ಒಂದು ರಾತ್ರಿಯ ಪ್ರಯಾಣ. ನನ್ನೊಡನೆ ತಂಗಿಯೂ ಅವಳ 12 ವರ್ಷದ ಮಗಳೂ ಇದ್ದರು. ಗಂಟಿನಲ್ಲಿ ಹುರಿಗಾಳು, ಬೆಲ್ಲ, ಮನೆಯ ಅಟ್ಟದ ಮೇಲೆ ವರ್ಷದ ಹತ್ತಿರ ಹತ್ತಿರ ಕುಳಿತು ಒಣಗಿದ ಉಂಡೆಕೊಬ್ಬರಿ. ಕೊಬ್ಬರಿಯಿಲ್ಲದೆ ಊರು ಬಿಡುವ ಅಭ್ಯಾಸ ನಮ್ಮವರಿಗಿಲ್ಲವಷ್ಟೆ.

ಮಾಘಮಾಸದ ಬೆಳಗು. ಸೂರ್ಯನು ಮೂಡುವ ಹೊತ್ತಿಗೆ ನಾವು ಗುಡ್ಡದ ರಂಗನಾಥನ ಗುಡಿಯ ಕಡೆಯ ಕಾಲುದಾರಿಯಲ್ಲಿದ್ದೆವು. ಮೊದಮೊದಲು ದಾರಿ ಸ್ಪಷ್ಟವಾಗಿಯೇ ಇದೆ. ಆಮೇಲೆ ಅದು ಎರಡಾಗುತ್ತದೆ, ನಾಲ್ಕಾಗುತ್ತದೆ. ಪ್ರತಿಯೊಂದೂ ಮೇಕೆಗಳು ತುಳಿದ ಜಾಡು, ಪ್ರತಿಯೊಂದೂ ತಾನೇ ನಿಜವಾದ ದಾರಿಯೆಂಬಂತೆ ಕರೆಯುತ್ತದೆ. ಇಕ್ಕೆಲಗಳಲ್ಲಿಯೂ ಮುಳ್ಳುಪೊದೆಗಳು, ಅಲ್ಲಲ್ಲಿ ಪಾಪಾಸುಕಳ್ಳಿ. ಕಾಲಿನಡಿಯಲ್ಲಿ ಒಮ್ಮೆ ಸವೆದ ಬಂಡೆ, ಒಮ್ಮೆ ಆ ಬಂಡೆಯೇ ಪುಡಿಯಾದ ಕೆಂಪು ಮರಳು. ನೆರಳೆಂಬುದು ಬಂಡೆಯ ಮಗ್ಗುಲಲ್ಲಿ ಮಾತ್ರ. ತೋಟದ ತಂಪಿಗೆ ಒಗ್ಗಿದ ನಮ್ಮ ಕಣ್ಣುಗಳಿಗೆ ಆ ಕೆಂಪು, ಆ ಬೆಳಕು, ಎರಡೂ ಹೆಚ್ಚಾಗಿ ತೋರಿದುವು.

ಮೇಕೆಗಳನ್ನು ಮೇಯಿಸುತ್ತಿದ್ದ ಮುದುಕನೊಬ್ಬನು ನಮ್ಮನ್ನು ನೋಡಿ ಕೋಲಿನ ಮೇಲೆ ಗದ್ದವೂರಿ ನಿಂತನು.

"ಸಿಡ್ಲಫಡಿಗೇನ್ರಿ? ನೀರ್ ತಂದೀರೇನ್ರಿ? ಅಲ್ಲಿ ಹನಿ ನೀರ್ ಸಿಗಂಗಿಲ್ಲ ನೋಡ್ರಿ."

ಮೂರು ಸೀಸೆ ನೀರಿದೆಯೆಂದು ತೋರಿಸಿದೆವು. ಅವನಿಗೆ ಅದು ಸಾಕೆಂದು ತೋರಲಿಲ್ಲ. ಮಗುವಿನ ಮುಖವನ್ನೊಮ್ಮೆ ನೋಡಿ, ಮೇಕೆಗಳನ್ನು ಜೊತೆಯ ಹುಡುಗನಿಗೆ ಒಪ್ಪಿಸಿ, ತಾನೇ ಮುಂದಾಗಿ ಹೊರಟನು. ಕೂಲಿಯ ಮಾತನ್ನು ಅವನೂ ಎತ್ತಲಿಲ್ಲ. ನಾವು ಎತ್ತಿದಾಗ, "ಬಂದ್ ಮ್ಯಾಲೆ ನೋಡೂಣ್ರಿ" ಎಂದನು.

ಈ ಕಮಾನಿನ ವಿಚಿತ್ರವೆಂದರೆ ದೂರದಿಂದ ಅದು ಕಾಣಿಸುವುದೇ ಇಲ್ಲ. ತಿರುಮಲೆಯ ಶಿಲಾತೋರಣವನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಅದು ಸುಮಾರು 8 ಮೀಟರು ಅಗಲ, 3 ಮೀಟರು ಎತ್ತರದ ಕಲ್ಲಿನ ತೋರಣ. ಬಯಲಿನಲ್ಲಿ ನಿಂತು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಸಿಡಿಲಫಡಿಯದು ಅಂಥ ಸ್ವಭಾವವಲ್ಲ. ಎದುರಿಗೆ ಬಂಡೆಗಳ ರಾಶಿಯಲ್ಲದೆ ಬೇರೇನೂ ಇಲ್ಲವೆಂದು ಮನಸ್ಸು ಬೇಸರಗೊಳ್ಳುವ ಹೊತ್ತಿಗೆ ಮುದುಕನು ಒಂದು ಮೂಲೆಯನ್ನು ಬಳಸಿ ಮರೆಯಾದನು. ಹಿಂದೆಯೇ ನಾವೂ ಬಳಸಿದೆವು. ಬಂಡೆಗಳ ಹೆಗಲಿನಿಂದ ಹೆಗಲಿಗೆ ಸೇತುವೆಯಂತೆ ಬಾಗಿದ ಕೆಂಗಲ್ಲು ತಲೆಯ ಮೇಲಿತ್ತು. ಅದರಡಿಯಲ್ಲಿ ಒಂದು ಪಂಕ್ತಿಯವರು ಊಟಕ್ಕೆ ಕೂರುವಷ್ಟು ಎಡೆ. ಚಾವಣಿಯಲ್ಲಿ ದೊಡ್ಡ ದೊಡ್ಡ ತೂತುಗಳು. ಅವುಗಳಿಂದ ಬೆಳಕು ಕಂಬಕಂಬವಾಗಿ ಇಳಿದಿತ್ತು.

"ಮಾವ, ತೆಂಗಿನ ಚಿಪ್ಪಿನೊಳಗೆ ಕೂತುಕೊಂಡು ಅದರ ಕಣ್ಣುಗಳನ್ನು ನೋಡಿದ ಹಾಗಿದೆ" ಎಂದಳು ಹುಡುಗಿ. ನಮ್ಮ ಕಡೆಯ ಮಗು ಮತ್ತೇನು ಹೇಳೀತು! ಆದರೆ ಅದಕ್ಕಿಂತ ಒಪ್ಪುವ ಮಾತು ನನಗೂ ಹೊಳೆಯಲಿಲ್ಲ.

ನಾನು ಕಮಾನನ್ನು ನೋಡುತ್ತಿದ್ದೆನು. ತಂಗಿಯು ಮನೆಯನ್ನು ನೋಡುತ್ತಿದ್ದಳು. ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಂದು ಸುತ್ತು ಬಂದಳು. "ಅಣ್ಣಯ್ಯ, ಗಾಳಿ ಈ ಕಡೆಯಿಂದ ಬಂದು ಆ ಕಡೆ ಹೋಗುತ್ತದೆ. ಒಲೆ ಹೂಡುವುದಾದರೆ ಇಲ್ಲೇ ಹೂಡಬೇಕು. ಹೊಗೆ ಆ ತೂತಿನಲ್ಲಿ ಏರಿಹೋಗುತ್ತದೆ. ಮಕ್ಕಳನ್ನು ಮಲಗಿಸುವುದಕ್ಕೆ ಆ ಒಳಮೂಲೆ. ಬಾಗಿಲಲ್ಲಿ ಕುಳಿತರೆ ಬರುವವರು ಕಾಣುತ್ತಾರೆ, ಬರುವವರಿಗೆ ನಾವು ಕಾಣುವುದಿಲ್ಲ. ನೀರೊಂದು ಇದ್ದಿದ್ದರೆ ನಮ್ಮ ಮನೆಗಿಂತ ಇದೇ ಮೇಲು" ಎಂದಳು.

ಆಕೆಯ ಮಾತಿನಲ್ಲಿ ತಮಾಷೆಯೇನೂ ಇರಲಿಲ್ಲ. ಇಲ್ಲಿ ಮನುಷ್ಯರು ನಿಜವಾಗಿಯೂ ಬಾಳಿದ್ದಾರೆ. ಲೋಹದ ಪರಿಚಯವಿಲ್ಲದ ಕಾಲದವರು ಬಳಸುತ್ತಿದ್ದ ಚಿಕ್ಕಚಿಕ್ಕ ಶಿಲಾಯುಧಗಳು, ಬೆರಳ ತುದಿಯಲ್ಲಿ ಹಿಡಿಯುವಷ್ಟು ಸಣ್ಣವು, ಈ ಸ್ಥಳದಲ್ಲಿ ದೊರೆತಿವೆ. ಒಂದನೆಯ ಪುಲಕೇಶಿಯು ವಾತಾಪಿಯ ಬೆಟ್ಟವನ್ನು ಕೋಟೆ ಮಾಡಿದ್ದು 543ರಲ್ಲಿ; ಮಂಗಲೇಶನು ಮಾಡಿಸಿದ ಮೂರನೆಯ ಗುಹೆಯ ಶಾಸನ 578ರದು. ಬಾದಾಮಿಯ ಚರಿತ್ರೆಯನ್ನು ನಾವು ಅಲ್ಲಿಂದ ಎಣಿಸುತ್ತೇವೆ. ಆ ಅರಸರಿಗೂ ಎಷ್ಟೋ ಸಾವಿರ ವರ್ಷಗಳ ಮುಂಚೆ ಈ ಚಾವಣಿಯ ಕೆಳಗೆ ಯಾರೋ ತಾಯಿಯೊಬ್ಬಳು ನನ್ನ ತಂಗಿಯಂತೆಯೇ ಸುತ್ತ ನೋಡಿ, ಗಾಳಿಯ ದಿಕ್ಕನ್ನು ತಿಳಿದು, ಮಗುವಿಗೆ ಮೂಲೆಯನ್ನು ಆರಿಸಿರಬೇಕು.

ಸಿಡಿಲಿನ ಕಥೆಯನ್ನು ಮುದುಕನು ಶ್ರದ್ಧೆಯಿಂದ ಹೇಳಿದನು. ಸಿಡಿಲಿಗೆ ಕಲ್ಲನ್ನು ಸೀಳುವ ಶಕ್ತಿ ಉಂಟು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಇಂಥ ಕಮಾನುಗಳ ಹೆಚ್ಚಿನ ಕೆಲಸವನ್ನು ಸದ್ದಿಲ್ಲದೆ ಮಾಡುವುದು ನೀರು. ಮರಳುಗಲ್ಲಿನಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕುಗಳಿರುತ್ತವೆ. ಮಳೆಯ ನೀರು ಅವುಗಳೊಳಗೆ ಇಳಿದು ಕಾಳಿಗೂ ಕಾಳಿಗೂ ನಡುವಣ ಬೆಸುಗೆಯನ್ನು ಕರಗಿಸುತ್ತದೆ, ಸಡಿಲವಾದದ್ದು ಉದುರುತ್ತದೆ, ಉದುರಿದ್ದನ್ನು ಗಾಳಿಯೂ ಮಳೆಯೂ ಹೊತ್ತುಕೊಂಡು ಹೋಗುತ್ತವೆ. ಹಾಗಾದರೆ ಎಲ್ಲವೂ ಏಕೆ ಉದುರಿಹೋಗುವುದಿಲ್ಲ? ಈ ಪ್ರಶ್ನೆಗೆ 2014ರಲ್ಲಿ ಪ್ರಾಗ್ ನಗರದ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಸೊಗಸಾದ ಉತ್ತರವನ್ನು ಕೊಟ್ಟರು. ಅವರು ಮರಳುಗಲ್ಲಿನ ತುಂಡುಗಳ ಮೇಲೆ ಭಾರವನ್ನಿಟ್ಟು ನೀರಿನಿಂದ ಸವೆಸಿ ನೋಡಿದರು. ಭಾರವನ್ನು ಹೊತ್ತಿರುವ ಭಾಗದಲ್ಲಿ ಕಾಳುಗಳು ಒಂದನ್ನೊಂದು ಬಿಗಿಯಾಗಿ ಕಚ್ಚಿಕೊಳ್ಳುವುದರಿಂದ ಅದು ಸವೆಯುವುದಿಲ್ಲ; ಹೊರೆಯಿಲ್ಲದ ಭಾಗವೇ ಮೊದಲು ಕರಗಿಹೋಗುತ್ತದೆ. ಹೀಗೆ ಹೊರೆಯಿಲ್ಲದುದೆಲ್ಲ ಹೋಗಿ, ಹೊತ್ತದ್ದು ಮಾತ್ರ ಉಳಿದರೆ ಅದಕ್ಕೆ ತಾನಾಗಿಯೇ ಕಮಾನಿನ ಆಕಾರ ಬರುತ್ತದೆ. ಇದನ್ನು ತಂಗಿಗೆ ವಿವರಿಸಿದೆನು. "ನಮ್ಮ ಅತ್ತೆಯವರನ್ನು ನೋಡಿದರೆ ಇದಕ್ಕೆ ಪ್ರಾಗಿಗೆ ಹೋಗಬೇಕಾಗಿರಲಿಲ್ಲ" ಎಂದು ಆಕೆ ನಕ್ಕಳು.

ಇನ್ನು ಚಿತ್ರಗಳ ಮಾತು. ಒಳಗೋಡೆಯಲ್ಲಿ ಕೆಮ್ಮಣ್ಣಿನ ಬಣ್ಣದ ರೇಖೆಗಳಿವೆ. ಕಣ್ಣು ಒಳಗಿನ ಬೆಳಕಿಗೆ ಹೊಂದಿಕೊಂಡ ಮೇಲೆ ಅವು ಒಂದೊಂದಾಗಿ ಎದ್ದುಬರುತ್ತವೆ: ಮೃಗವೆಂದು ಹೇಳಬಹುದಾದ ಒಂದು ಬೆನ್ನು, ನಾಲ್ಕು ಕಾಲು, ಮನುಷ್ಯನೆಂದು ಹೇಳಬಹುದಾದ ಒಂದು ಆಕೃತಿ. ಬೆಟ್ಟದ ಕೆಂಪನ್ನೇ ಅರೆದು ಬೆಟ್ಟಕ್ಕೆ ಹಚ್ಚಿದ್ದಾರೆ. ಹುಡುಗಿಯು ಬೆರಳನ್ನು ಗೋಡೆಯಿಂದ ಒಂದು ಗೇಣು ದೂರದಲ್ಲಿಟ್ಟುಕೊಂಡೇ ರೇಖೆಯನ್ನು ಅನುಸರಿಸುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಮೃಗದ ಹೊಟ್ಟೆಯ ಮೇಲೆ ಯಾರೋ ಚೂಪಾದ ಕಲ್ಲಿನಿಂದ ತಮ್ಮ ಹೆಸರನ್ನೂ, ಪಕ್ಕದಲ್ಲಿ ಇನ್ನೊಂದು ಹೆಸರನ್ನೂ, ಇಸವಿಯನ್ನೂ ಕೆತ್ತಿದ್ದರು. ಅದರ ಆಚೆಗೆ ಸುಣ್ಣದಲ್ಲಿ ಬರೆದ ಮತ್ತೊಂದು ಹೆಸರು.

"ಇದರ ಕೆಳಗೆ ತಲೆ ಇತ್ತೇ ಮಾವ?" ಎಂದು ಕೇಳಿದಳು. ಇದ್ದಿರಬೇಕು, ಈಗ ಹೇಳಬಲ್ಲವರು ಯಾರು?

"ನಮ್ಮಜ್ಜ ಇದ್ದಾಗ ಇವು ಇನ್ನೂ ಚಂದ ಕಾಣ್ತಿದ್ವಂತ್ರಿ" ಎಂದನು ಮುದುಕನು. "ಮಳಿಗಾಲದಾಗ ನಾವು ಮೇಕಿ ಹೊಡ್ಕೊಂಡು ಇಲ್ಲೇ ನಿಂದರ್ತೀವ್ರಿ. ಗ್ವಾಡಿ ಮುಟ್ಟಂಗಿಲ್ಲ. ಯಾರದೋ ಮನಿ ಅಲ್ಲೇನ್ರಿ."

ಬಂಡೆಯ ಮೇಲೆ ಬರೆಯುವುದು ಬಾದಾಮಿಗೆ ಹೊಸದೇನೂ ಅಲ್ಲ. ಪುಲಕೇಶಿಯ ಶಾಸನವಿರುವುದು ಬಂಡೆಯ ಮೇಲೆ. ಕನ್ನಡದ ಅತಿ ಹಳೆಯ ತ್ರಿಪದಿಗಳೆಂದು ಎಣಿಸಿರುವ ಕಪ್ಪೆ ಅರಭಟ್ಟನ ಶಾಸನವಿರುವುದೂ ಊರಿನ ಬೆಟ್ಟದ ಮೈಮೇಲೆಯೇ. ಆದರೆ ಅವರು ಬರಿಯ ಬಂಡೆಯನ್ನು ಆರಿಸಿಕೊಂಡರು; ಒಬ್ಬರು ಬರೆದುದರ ಮೇಲೆ ಬರೆಯಲಿಲ್ಲ. ಗುಹಾಲಯಗಳಿಗೆ ಕಾವಲುಗಾರರಿದ್ದಾರೆ, ಚೀಟಿಯಿದೆ, ಕಂಬಿಬೇಲಿಯಿದೆ. ನಾವು ಹೋದ ದಿನ ಈ ಮನೆಗೆ ಆ ಮುದುಕನನ್ನು ಬಿಟ್ಟರೆ ಬೇರೆ ಕಾವಲು ಕಾಣಲಿಲ್ಲ. ಕಲ್ಲುಕಮಾನು ಬೀಳುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆಯೋ, ಚಿತ್ರ ಅಳಿಯುವುದಕ್ಕೆ ಒಂದು ಮಧ್ಯಾಹ್ನ ಸಾಕು.

ಕಮಾನುಗಳೂ ಬೀಳದೆ ಇರುವುದಿಲ್ಲ. ಅಮೆರಿಕದ ಯೂಟಾ ಪ್ರಾಂತದ ಕೆಂಪು ಮರುಭೂಮಿಯಲ್ಲಿ ಇಂಥವು 2000ಕ್ಕೂ ಹೆಚ್ಚು ಇವೆ. 1929ರಿಂದ ಅಲ್ಲಿಯ ಸರಕಾರವು ಅವುಗಳನ್ನು ರಕ್ಷಿಸಿಕೊಂಡು ಬಂದಿದೆ. ಅವುಗಳಲ್ಲಿ ಲ್ಯಾಂಡ್‌ಸ್ಕೇಪ್ ಎಂಬ ಕಮಾನು ಸುಮಾರು 88 ಮೀಟರು ಉದ್ದಕ್ಕೆ ಹಗ್ಗದಂತೆ ತೆಳ್ಳಗೆ ಚಾಚಿಕೊಂಡಿದೆ. 1991ರಲ್ಲಿ ಅದರ ಹೊಟ್ಟೆಯಿಂದ ದೊಡ್ಡ ಚಪ್ಪಡಿಯೊಂದು ಕಳಚಿ ಬಿದ್ದಿತು. 2008ರ ಆಗಸ್ಟಿನ ಒಂದು ರಾತ್ರಿ ಅದೇ ವನದ ವಾಲ್ ಎಂಬ ಕಮಾನು, ನೋಡುವವರಾರೂ ಇಲ್ಲದಾಗ, ಪೂರ್ತಿಯಾಗಿ ಕುಸಿಯಿತು. ಅಲ್ಲಿಯೂ ನೀರೇ, ಇಲ್ಲಿಯೂ ನೀರೇ. ಅದನ್ನು ತಡೆಯುವ ಶಕ್ತಿ ಮನುಷ್ಯನಿಗಿಲ್ಲ. ಹೆಸರು ಕೆತ್ತುವ ಕೈಯನ್ನು ತಡೆಯುವ ಶಕ್ತಿಯಿದೆ.

ಬಂಡೆಯ ನೆರಳಿನಲ್ಲಿ ಕುಳಿತು ಕೊಬ್ಬರಿ ಬೆಲ್ಲಗಳನ್ನು ತಿಂದೆವು. ಮುದುಕನು ಕೊಬ್ಬರಿಯ ಹೋಳನ್ನು ತಿರುಗಿಸಿ ನೋಡಿ, "ಇದು ನಿಮ್ಮ ಕಡೀದೇನ್ರಿ? ಭಾಳ ರುಚಿ ಐತ್ರಿ" ಎಂದನು, ಅರ್ಧವನ್ನು ಹುಡುಗನಿಗೆಂದು ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡನು. ತಂಗಿಯು ಒಲೆ ಹೂಡಬೇಕೆಂದಿದ್ದ ಜಾಗದಲ್ಲಿ ಹಿಂದೆ ಬಂದವರು ಬಿಸುಟಿದ್ದ ಸೀಸೆ, ಕಾಗದಗಳನ್ನು ಆರಿಸಿ ಚೀಲಕ್ಕೆ ತುಂಬಿದಳು. ನಮ್ಮ ನೀರು ಹಿಂದಿರುಗುವ ದಾರಿಯ ಅರ್ಧದಲ್ಲಿ ಮುಗಿಯಿತು. ಮುದುಕನ ಅಂದಾಜೇ ಸರಿ.

ಹೋಗಬೇಕೆನ್ನುವವರಿಗೆ ಕಾರ್ತಿಕದಿಂದ ಮಾಘದವರೆಗಿನ ತಿಂಗಳುಗಳು ಒಳ್ಳೆಯವು. ಬೇಸಗೆಯಲ್ಲಿ ಬಂಡೆ ಕಾದ ಹೆಂಚಿನಂತಾಗುತ್ತದೆ, ಮಳೆಯಲ್ಲಿ ಜಾರುತ್ತದೆ. ಬೆಳಗಿನ ಆರು ಗಂಟೆಗೆ ಹೊರಟರೆ ನಿಧಾನವಾಗಿ ನೋಡಿ ಬಿಸಿಲೇರುವ ಮುನ್ನ ಮರಳಬಹುದು. ದಾರಿಯಲ್ಲಿ ಅಂಗಡಿಯಿಲ್ಲ, ಬಾವಿಯಿಲ್ಲ. ತಲೆಗೆ ಎರಡು ಲೀಟರು ನೀರು ಬೇಕು. ಗಟ್ಟಿಯಾದ ಪಾದರಕ್ಷೆ ಇರಲಿ. ದಾರಿ ಬಲ್ಲ ಸ್ಥಳೀಯರೊಬ್ಬರನ್ನು ಬಾದಾಮಿಯಲ್ಲಿಯೇ ಗೊತ್ತುಮಾಡಿಕೊಳ್ಳುವುದು ಉತ್ತಮ. ಹತ್ತು ವರ್ಷ ದಾಟಿದ ಮಕ್ಕಳು ನಡೆಯಬಲ್ಲರು. ಮಂಡಿನೋವಿನ ಹಿರಿಯರು ಅಗಸ್ತ್ಯತೀರ್ಥದ ದಡದಲ್ಲಿ ಭೂತನಾಥನ ಗುಡಿಯ ನೆರಳಿನಲ್ಲಿ ಕುಳಿತಿರಬಹುದು.