ಅಮ್ಮನ ಬಿಳಿ

ಆಫ್‌ವೈಟ್ ಅಂದರೆ ಒಂದೇ ಬಣ್ಣ ಅಂದುಕೊಂಡು ಪೇಂಟ್ ಅಂಗಡಿಗೆ ಹೋಗಬೇಡಿ. ಒಂದಕ್ಕೆ ಚೂರು ಹಳದಿ ಬೆರೆತಿರುತ್ತೆ, ಕೆನೆಯ ಹಾಗೆ. ಇನ್ನೊಂದಕ್ಕೆ ಚೂರು ನೀಲಿ ಅಥವಾ ಬೂದು. ಅಂಗಡಿಯಲ್ಲಿ ಒಂದೊಂದಾಗಿ ನೋಡಿದರೆ ಎರಡೂ ಬಿಳಿಯೇ. ಅಸಲಿ ಬಣ್ಣ ತೋರಿಸೋದು ಮನೆಯ ಬೆಳಕು.

ಆರ್.ಟಿ. ನಗರದ ನಮ್ಮ ಮನೆಯಲ್ಲಿ ಅಮ್ಮನ ರೂಮಿಗೆ ಇರೋದು ಒಂದೇ ಕಿಟಕಿ, ಅದೂ ಉತ್ತರಕ್ಕೆ. ವರ್ಷದ ಬಹುಪಾಲು ನೇರ ಬಿಸಿಲಿಲ್ಲ, ಆಕಾಶದ ತಣ್ಣನೆಯ ನೀಲಿ ಬೆಳಕಷ್ಟೇ. ರಾತ್ರಿ 6500 ಕೆಲ್ವಿನ್‌ನ ಟ್ಯೂಬ್‌ಲೈಟ್, ಅದೂ ನೀಲಿ ಕಡೆಯದೇ. ಇಂಥ ರೂಮಿಗೆ ಕೆನೆಬಣ್ಣವೇ ಸರಿ ಅನ್ನೋದು ನನ್ನ ಲೆಕ್ಕ.

ಎರಡು ಪ್ಲೈವುಡ್ ತುಂಡುಗಳಿಗೆ ಎರಡು ಬಣ್ಣ ಬಳಿಸಿ ಗೋಡೆಗೆ ಒರಗಿಸಿಟ್ಟೆ. ಅಮ್ಮ ಒಂದು ಕಣ್ಣು ಮುಚ್ಚಿ ನೋಡಿದಳು, ಆಮೇಲೆ ಇನ್ನೊಂದು. "ಎಡಗಣ್ಣಲ್ಲಿ ಎರಡೂ ಬೆಣ್ಣೆ ಥರಾನೇ ಕಣೇ. ಬಲಗಣ್ಣಲ್ಲಿ ನೋಡಿದ್ರೆ ಇದು ಮಲ್ಲಿಗೆ!"

ಬಲಗಣ್ಣಿನ ಪೊರೆ ತೆಗೆಸಿ ಒಂದು ತಿಂಗಳಾಗಿತ್ತಷ್ಟೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ನೀಲಿ ಬೆಳಕನ್ನು ತಡೆಯುತ್ತೆ. ಹೊಸ ಮಸೂರ ಹಾಕಿದ ಮೇಲೆ ಆ ನೀಲಿ ಮತ್ತೆ ಒಳಗೆ ಬರುತ್ತೆ. 1923ರಲ್ಲಿ ಪೊರೆ ತೆಗೆಸಿಕೊಂಡ ಚಿತ್ರಕಾರ ಮೊನೆಗೂ ನೀಲಿ ವಿಪರೀತ ಕಂಡಿತ್ತಂತೆ.

"ನನಗೆ ಈ ಮಲ್ಲಿಗೆ ಬಿಳೀನೇ ಇರ್ಲಿ" ಅಂದಳು ಅಮ್ಮ. "ರೂಮು ತಣ್ಣಗೆ, ಆಸ್ಪತ್ರೆ ಥರ ಆಗುತ್ತಮ್ಮ" ಅಂದೆ. "ಆಗ್ಲಿ ಬಿಡು. ಎಷ್ಟು ವರ್ಷದಿಂದ ಎಲ್ಲಾನೂ ಹಳದಿಯಾಗೇ ನೋಡ್ತಿದ್ನೋ, ಈಗ ಗೊತ್ತಾಗ್ತಿದೆ. ಊರಲ್ಲಿ ಹಬ್ಬಕ್ಕೆ ಸುಣ್ಣ ಹೊಡೆದ ಗೋಡೆ ಹಿಂಗೇ ಇರ್ತಿತ್ತು."

ಆ ಸುಣ್ಣಕ್ಕೂ ಚಿಟಿಕೆ ನೀಲಿ ಬೆರೆಸುತ್ತಿದ್ದರು. ಬಿಳಿ ಪಂಚೆಗೆ ನೀಲಿ ಹಾಕುವ ಹಾಗೆಯೇ, ಹಳದಿ ಛಾಯೆ ಅಡಗಲಿ ಅಂತ. ಅಮ್ಮ ಕೇಳುತ್ತಿದ್ದದ್ದು ಆ ಬಿಳಿಯನ್ನ.

ನನ್ನ ಲೆಕ್ಕ ತಪ್ಪಲ್ಲ. ಆದರೆ ಆ ರೂಮಲ್ಲಿ ಕಣ್ಣು ಬಿಡೋದು ಅಮ್ಮ, ನಾನಲ್ಲ. ಎಡಗಣ್ಣಿನ ಆಪರೇಷನ್ನೂ ಮುಂದಿನ ತಿಂಗಳಿದೆ. ಗೋಡೆಗೆ ಮಲ್ಲಿಗೆ ಬಿಳಿಯನ್ನೇ ಹೊಡೆಸಿದೆವು. ಸಂಜೆಯ ತಂಪು ಕಮ್ಮಿಯಾಗಲಿ ಅಂತ ಮಂಚದ ಪಕ್ಕ 3000 ಕೆಲ್ವಿನ್‌ನ ಬೆಚ್ಚನೆಯ ಬಲ್ಬ್ ಬಂತು. ಗೋಡೆ ಬದಲಿಸೋಕೆ ಎರಡು ದಿನ, ಬಲ್ಬಿಗೆ ಒಂದು ನಿಮಿಷ ಸಾಕು.

ನೀವೂ ಹಾಗೇ ಮಾಡಿ. ಬಣ್ಣ ಬಳಿದ ತುಂಡನ್ನ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ನೋಡಿ. ಅಪ್ಪ ಅಮ್ಮನ ರೂಮಾದರೆ, ಮೊದಲು ಅವರಿಗೆ ತೋರಿಸಿ.