ಇಬ್ಬರಿದ್ದರೇ ತೆರೆಯುವ ಬಾಗಿಲು

ನಮ್ಮ ಗಜೇಂದ್ರಗಡದ ಹುಡುಗರಿಗೆ ಮಾರ್ಟಲ್ ಕಾಂಬ್ಯಾಟ್ ಅಂದರೆ ಒಂದೇ ನಿಯಮ. ಸೋತವನು ಎದ್ದು ಜಾಗ ಬಿಡಬೇಕು. 2008ರ ಸುಮಾರಿಗೆ ಬಜಾರದ ಸಣ್ಣ ಅಂಗಡಿಯೊಂದರಲ್ಲಿ ಎರಡು ಟಿವಿ, ಎರಡು ಪ್ಲೇಸ್ಟೇಷನ್ 2 ಇದ್ದವು. ಗಂಟೆಗೆ 10 ರೂಪಾಯಿ. ಇಬ್ಬರು ಕುಂತು ಆಡುತ್ತಿದ್ದರೆ ಹಿಂದೆ ಎಂಟು ಮಂದಿ ನಿಂತಿರುತ್ತಿದ್ದರು, ಯಾರು ಯಾವಾಗ ಸೋಲ್ತಾರ ಅಂತ ಕಾಯುತ್ತ. ಗರಡಿಮನೆಯಲ್ಲಿ ಕುಸ್ತಿಗೆ ಜೋಡಿ ಹಚ್ಚೋದು ಅಂತೀವಲ್ಲ, ಹಂಗೆ. ಅಲ್ಲಿ ಜೋಡಿ ಅಂದರೆ ಎದುರಾಳಿ. ಅದೇ ಮಾತು ಎತ್ತುಗಳ ವಿಷಯಕ್ಕೆ ಬಂದರೆ ಒಂದೇ ನೊಗ ಹೊರುವವರು ಅಂತ ಅರ್ಥ.

ಆ ಎರಡನೇ ಅರ್ಥದ ಆಟ ನಮ್ಮ ಕೈಗೆ ಸಿಕ್ಕಿದ್ದು ಒಂದು ಬೇಸಿಗೆ ರಜೆಯಲ್ಲಿ. ಅಂಗಡಿಯವನು ಹೊಸ ಡಿಸ್ಕ್ ಹಾಕಿದ. ಹೊದಿಕೆ ಇಲ್ಲ, ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ಹೆಸರು: ಶಾವೋಲಿನ್ ಮಾಂಕ್ಸ್.

ಗೊತ್ತಿಲ್ಲದವರಿಗೆ ಸ್ವಲ್ಪ ಹಿಂದಿನ ಕತೆ. ಮಾರ್ಟಲ್ ಕಾಂಬ್ಯಾಟ್ ಮೊದಲು ಬಂದದ್ದು 1992ರಲ್ಲಿ, ನಾಣ್ಯ ಹಾಕಿ ಆಡುವ ಯಂತ್ರದಲ್ಲಿ. ಶಿಕಾಗೋದ ಮಿಡ್‌ವೇ ಕಂಪನಿಯ ಎಡ್ ಬೂನ್ ಮತ್ತು ಜಾನ್ ಟೊಬಾಯಸ್ ಅದನ್ನು ಮಾಡಿದವರು. ಚಿತ್ರ ಬರೆಯುವ ಬದಲು ನಿಜವಾದ ನಟರನ್ನು ಕ್ಯಾಮೆರಾದಲ್ಲಿ ಹಿಡಿದು ಆಟದೊಳಗೆ ಇಳಿಸಿದ್ದರು. ರಕ್ತ ಎಷ್ಟಿತ್ತೆಂದರೆ 1993ರಲ್ಲಿ ಅಮೆರಿಕದ ಸೆನೆಟ್‌ನಲ್ಲೇ ವಿಚಾರಣೆ ನಡೆದು, ಮುಂದಿನ ವರ್ಷ ಆಟಗಳಿಗೆ ವಯಸ್ಸಿನ ರೇಟಿಂಗ್ ಕೊಡುವ ಮಂಡಳಿ ಹುಟ್ಟಿಕೊಂಡಿತು. ಶಾವೋಲಿನ್ ಮಾಂಕ್ಸ್‌ಗೂ 17 ದಾಟಿದವರಿಗೆ ಅನ್ನೋ ರೇಟಿಂಗೇ ಇದೆ. ನಮ್ಮ ಅಂಗಡಿಯಲ್ಲಿ 10 ರೂಪಾಯಿ ದಾಟಿದವರಿಗೆ ಅನ್ನೋ ರೇಟಿಂಗ್ ಇತ್ತು.

ಎದುರುಬದುರು ಹೊಡೆದಾಡುವ ಈ ಆಟದಿಂದ ನಡೆದಾಡುವ, ಕತೆ ಇರುವ ಆಟ ಮಾಡಲು ಕಂಪನಿ ಮೊದಲೂ ಕೈಹಾಕಿತ್ತು. 1997ರ ಮಿಥಾಲಜೀಸ್‌ನಲ್ಲಿ ಸಬ್-ಜೀರೋ ಒಬ್ಬನೇ ಹೊರಡುತ್ತಾನೆ. ಪಾಪ, ಅವನು ಹಿಂದೆ ತಿರುಗಬೇಕಾದರೂ ಅದಕ್ಕೆಂದೇ ಬೇರೆ ಬಟನ್ ಒತ್ತಬೇಕು! 2000ದ ಸ್ಪೆಷಲ್ ಫೋರ್ಸಸ್‌ನಲ್ಲಿ ಜ್ಯಾಕ್ಸ್ ಒಬ್ಬನೇ. ಅದನ್ನಂತೂ ನೆನೆಯುವವರೇ ಕಡಿಮೆ. 2005ರಲ್ಲಿ ಬಂದ ಶಾವೋಲಿನ್ ಮಾಂಕ್ಸ್ ಗೆದ್ದದ್ದು ಯಾಕೆ ಅಂದರೆ, ನನ್ನ ಪ್ರಕಾರ ಕಾರಣ ಒಂದೇ. ಅದರಲ್ಲಿ ಇಬ್ಬರಿದ್ದರು.

ಲಿಯು ಕಾಂಗ್, ಕುಂಗ್ ಲಾವೋ. ಇಬ್ಬರೂ ಶಾವೋಲಿನ್ ಮಠದ ಹುಡುಗರು. ಒಬ್ಬನ ಕೈಯಲ್ಲಿ ಬೆಂಕಿ, ಇನ್ನೊಬ್ಬನ ತಲೆಯ ಮೇಲೆ ಅಂಚು ಹರಿತವಾದ ಟೊಪ್ಪಿಗೆ. ಮೊದಲ ಆಟದ ಪಂದ್ಯ ಮುಗಿಯುವಲ್ಲಿ ಕತೆ ಶುರುವಾಗಿ ಎರಡನೇ ಆಟದ ಘಟನೆಗಳನ್ನು ಹೊಸದಾಗಿ ಹೇಳುತ್ತದೆ. ಒಬ್ಬರೇ ಆಡಬಹುದು. ಆದರೆ ಕೆಲವು ದಾರಿ, ಕೆಲವು ಬಾಗಿಲು ಇಬ್ಬರು ಕೂಡಿ ಆಡಿದರೆ ಮಾತ್ರ ಸಿಗುತ್ತವೆ. ಒಬ್ಬನೇ ಎಷ್ಟು ಶೂರನಿದ್ದರೂ ಅಲ್ಲಿಗೆ ಹೋಗುವಂತಿಲ್ಲ.

ಶತ್ರುಗಳು ಸುತ್ತಲಿಂದ ಬರುತ್ತಾರೆ. ಹಳೆಯ ಆಟದಲ್ಲಿ ಎದುರಿಗಿದ್ದವನನ್ನು ನೋಡಿಕೊಂಡರೆ ಸಾಕಿತ್ತು, ಇಲ್ಲಿ ಬೆನ್ನನ್ನೂ ಕಾಯಬೇಕು. ಅಣ್ಣ ಮೊದಲ ದಿನವೇ ಹೇಳಿದ: "ತಮ್ಮಾ, ನೀ ಮುಂದ ನೋಡು, ಹಿಂದಿಂದು ನನಗ ಬಿಡು." ಒಬ್ಬ ಶತ್ರುವನ್ನು ಗಾಳಿಗೆ ಎತ್ತಿದರೆ ಇನ್ನೊಬ್ಬ ಅಲ್ಲೇ ಹೊಡೆಯಬಹುದು. ಜೀವಂತ ಕಾಡು ಅಂತ ಒಂದು ಹಂತ ಇದೆ, ಅಲ್ಲಿ ಗಿಡಗಳಿಗೆ ಬಾಯಿ. ಶತ್ರುವನ್ನು ಎತ್ತಿ ಆ ಬಾಯಿಗೆ ಒಗೆದಾಗ ಹಿಂದೆ ನಿಂತ ಎಂಟೂ ಮಂದಿ "ಹೋ" ಅಂತಿದ್ದರು. ಆ ಎಂಟು ಮಂದಿ ಆವತ್ತೇ ಮೊದಲು ಇಬ್ಬರ ಕಡೆಗೂ ಇದ್ದರು. ನಮ್ಮಲ್ಲಿ ಯಾರೂ ಏಳಬೇಕಾಗಿರಲಿಲ್ಲ. ಕರೆಂಟ್ ಹೋದರಷ್ಟೇ ಏಳಬೇಕು. ಆಗ 8 ಎಂಬಿಯ ಮೆಮೊರಿ ಕಾರ್ಡೇ ದೇವರು.

ಅಣ್ಣ ಯಾವಾಗಲೂ ಕುಂಗ್ ಲಾವೋನನ್ನೇ ಆರಿಸುತ್ತಿದ್ದ. ಕತೆಯಲ್ಲಿ ಪಂದ್ಯಕ್ಕೆ ಮಠದ ಪರವಾಗಿ ಹೋದವನು ಲಿಯು ಕಾಂಗ್. ಕುಂಗ್ ಲಾವೋ ಕಾವಲುಗಾರನ ವೇಷ ಹಾಕಿ ಒಳಗೆ ಸೇರಿಕೊಂಡವನು. ಒಬ್ಬ ಆಯ್ಕೆಯಾದವನು, ಒಬ್ಬ ಆಗದವನು. ಆಗ ನಾನು ಅದನ್ನು ಗಮನಿಸಿರಲಿಲ್ಲ, ಇಂಗ್ಲಿಷ್ ಡೈಲಾಗ್ ಅರ್ಧಂಬರ್ಧ ತಿಳೀತಿತ್ತು.

ನಮ್ಮದು ನೇಕಾರರ ಮನೆ. ಒಳಕೋಣೆಯಲ್ಲಿ ಎರಡು ಮಗ್ಗ, ಒಂದು ಅಪ್ಪನದು. ಎರಡು ವರ್ಷದ ನಂತರ ಅಪ್ಪನಿಗೆ ಮೊಣಕಾಲು ನೋವು ಬಂತು. ಪಿಯುಸಿ ಮುಗಿಸಿದ್ದ ಅಣ್ಣ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟ. ನನ್ನನ್ನು ಧಾರವಾಡಕ್ಕೆ ಓದಲು ಕಳಿಸಿದರು. ಯಾರನ್ನು ಕಳಿಸೋದು ಅಂತ ಮನೆಯಲ್ಲಿ ಚರ್ಚೆ ಆದದ್ದು ನನಗೆ ನೆನಪಿಲ್ಲ. ಅಣ್ಣ ನೇಯ್ದ ಸೀರೆಗಳಿಂದ ನನ್ನ ಹಾಸ್ಟೆಲ್ ಫೀ ಹೋಗುತ್ತಿತ್ತು. ಅವ್ವ ಪ್ರತಿ ತಿಂಗಳು ಫೋನಿನಲ್ಲಿ ಲೆಕ್ಕ ಹೇಳುತ್ತಿದ್ದಳು, ಅಣ್ಣ ಒಮ್ಮೆಯೂ ಹೇಳಲಿಲ್ಲ.

ಈಗ ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವ. ಕಳೆದ ವರ್ಷ ಅಪ್ಪ ತೀರಿಕೊಂಡರು. ದಿನಕರ್ಮ ಮುಗಿದ ವಾರದಲ್ಲೇ ಹಿರಿಯರ ಬಾಯಲ್ಲಿ ಒಂದೇ ಮಾತು, ವಾಟ್ನಿ. ನರಗುಂದದ ಸೋದರಮಾವ ನನ್ನನ್ನು ಬದಿಗೆ ಕರೆದು "ಮನಿ ಅವನ ಕೈಯಾಗ ಐತಿ, ನೀ ಹುಷಾರಿರು" ಅಂದರು. ಅದೇ ಸಂಜೆ ಅಣ್ಣನಿಗೂ ಹೇಳಿದ್ದರಂತೆ: "ಅವಾ ಓದಿದಾಂವ, ಕಾಗದಾ ತಿಳೀತಾವ, ನೀ ಹುಷಾರಿರು." ಮಾವ ಕೆಟ್ಟವರಲ್ಲ. ಅವರಿಗೆ ಗೊತ್ತಿರೋದು ಮೊದಲನೇ ಆಟ ಮಾತ್ರ. ಇಬ್ಬರು ಎದುರುಬದುರು ಕುಂತರೆ ಒಬ್ಬ ಏಳಲೇಬೇಕು ಅನ್ನೋದು.

ಕಾಗದ ವಿಚಾರಿಸಲು ಇಬ್ಬರೂ ಬೈಕಿನಲ್ಲಿ ರೋಣಕ್ಕೆ ಹೋದೆವು. ಎರೆಹೊಲದಲ್ಲಿ ಕಡಲೆ ನಿಂತಿತ್ತು, ಹಿಂದೆ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಕಚೇರಿ ಹೊರಗೆ ಚಹಾ ಕುಡಿಯುವಾಗ ಕೊನೆಗೂ ಕೇಳಿದೆ. "ಅಣ್ಣಾ, ನೀ ಯಾಕ ಯಾವಾಗ್ಲೂ ಕುಂಗ್ ಲಾವೋನ್ನ ತಗೋತಿದ್ದಿ?" ಇಷ್ಟು ವರ್ಷ ನನ್ನೊಳಗೆ ಆ ಪ್ರಶ್ನೆಗೆ ಒಂದು ದೊಡ್ಡ ಉತ್ತರ ತಯಾರಾಗಿತ್ತು. ಅಣ್ಣ ಚಹಾ ಊದುತ್ತ ಹೇಳಿದ: "ಟೊಪ್ಪಿಗಿ ಚಲೋ ಇತ್ತಲೇ."

ಸ್ವಲ್ಪ ಹೊತ್ತು ಬಿಟ್ಟು ಅವನೇ ಮುಂದುವರಿಸಿದ. "ಮುಂದಿಂದು ನೀ ನೋಡ್ತಿದ್ದಿ. ನನಗ ಹಿಂದಿಂದು ನೋಡಾಕ ಟೊಪ್ಪಿಗಿ ಬೇಕಾಗಿತ್ತು, ದೂರಿಂದ ಒಗೀಬೋದು ಅಂತ."

ಹೊಲ ಎರಡು ಪಾಲಾಗಲಿ ಅಂತ ಇಬ್ಬರೂ ಒಪ್ಪಿದ್ದೇವೆ. ಮುಂಭಾಗದ ಎರಡು ಕೋಣೆ ನನ್ನ ಹೆಸರಿಗೆ ಬೇಕೇ ಬೇಕು ಅಂತ ಅಣ್ಣನ ಹಟ, ಬೇಡ ಅಂತ ನನ್ನದು. ಮಗ್ಗದ ಕೋಣೆ ಮಾತ್ರ ಇಬ್ಬರ ಹೆಸರಿನಲ್ಲೂ ಇರಲಿ ಅಂದಿದ್ದೇವೆ. ಹಂಗ ಇಟ್ಟರೆ ಮುಂದೆ ತಕರಾರು ಬರ್ತದ ಅಂತ ಮಾವ ಇನ್ನೂ ಹೇಳ್ತಾನೇ ಇದ್ದಾರೆ. ಮುಂದಿನ ತಿಂಗಳು ಸಹಿ.